ಕಿವಿ ಮೇಸ್ತ್ರಿಯ ಬಲಗಡೆ

ಜೊತೆಯಲ್ಲಿ ನಡೆಯುವವರು ಯಾರೇ ಆಗಲಿ, ಗ್ಯಾರೇಜಿನ ಮೇಸ್ತ್ರಿ ಅಂಥವರ ತೋಳು ಹಿಡಿದು ತಮ್ಮ ಬಲಗಡೆಗೆ ಎಳೆದುಕೊಳ್ಳುತ್ತಿದ್ದರು. ಬಿರುಬಿಸಿಲಲ್ಲೂ ಬಿಚ್ಚದ ಕಂದು ಕೋಟಿನ ಕಾಲರನ್ನು ಮಡಚಿ, ಕಣ್ಣು ಮುಚ್ಚಿ, ಬಲಗೆನ್ನೆಯನ್ನು ಮುಂದೆ ಚಾಚಿ ನಮ್ಮ ಮಾತು ಕೇಳುತ್ತಿದ್ದರು. ಅದು ಸೌಜನ್ಯವೆಂದು ನಾನು ನಂಬಿದ್ದೆ. ನಮ್ಮಕ್ಕ ಜಂಬ ಎನ್ನುತ್ತಿದ್ದಳು.

ಗಾಡಿಗಳ ರೋಗನಿದಾನವನ್ನು ಅವರು ಕಿವಿಯಿಂದಲೇ ಮಾಡುತ್ತಿದ್ದುದರಿಂದ ಊರೆಲ್ಲ ಅವರನ್ನು ಕಿವಿ ಮೇಸ್ತ್ರಿ ಎನ್ನುತ್ತಿತ್ತು. ಆ ಕಿವಿಯೇ ಅವರ ಅನ್ನ. ಸಸಿ ಸಾಗಿಸುವ ಅಕ್ಕನ ಪಿಕಪ್ಪು ಬಲಕ್ಕೆ ತಿರುಗುವಾಗಲೆಲ್ಲ ಹಿಂದಿನ ಆಕ್ಸಲ್‌ನಲ್ಲಿ ಗೊರಗೊರ ಎನ್ನತೊಡಗಿದಾಗ, ಅವರು ನನ್ನನ್ನೂ ಹತ್ತಿಸಿಕೊಂಡು ಹಿಂದಿನ ತೊಟ್ಟಿಯ ನಟ್ಟನಡುವೆ ಮುಂದಕ್ಕೆ ಮುಖ ಮಾಡಿ ಚಕ್ಕಳಮಕ್ಕಳ ಹಾಕಿ ಕೂತರು. ಅಕ್ಕ ಗ್ಯಾರೇಜಿನ ಹಿಂದಿನ ಬಯಲಲ್ಲಿ ಸುತ್ತು ಹೊಡೆದಳು.

"ಬಲಕ್ಕೆ ತಿರುಗಿದ್ರೆ ಭಾರ ಎಡಚಕ್ರದ ಮೇಲೆ ಬೀಳುತ್ತೆ. ನ್ಯಾಯವಾಗಿ ಅದೇ ಕೂಗಬೇಕು. ಆದ್ರೆ ನನ್ನ ಕಿವಿ ಬಲ ಅಂತಿದೆ" ಎಂದರು.

ನ್ಯಾಯ ಸೋತು ಕಿವಿ ಗೆದ್ದಿತು. ಬಲಚಕ್ರದ ಬೇರಿಂಗು ಬದಲಾಯಿತು. ಗೊರಗೊರ ಹಾಗೇ ಉಳಿಯಿತು. ಹೊಸದೇ ಕೆಟ್ಟದ್ದಿರಬೇಕೆಂದು ಮತ್ತೊಂದು ಹಾಕಿದರು. ಆಗಲೂ ಅದೇ ಹಾಡು. ಎಡ ಯಾವುದು, ಬಲ ಯಾವುದು, ಭಾರ ಎತ್ತಲಿಂದ ಎತ್ತ ಹೋಗುತ್ತದೆ ಎಂದು ಲೆಕ್ಕ ಹಾಕಿ ಹಾಕಿ ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಚಪ್ಪಲಿ ಮೆಟ್ಟುವಾಗಲೂ ಒಂದು ಕ್ಷಣ ಯೋಚಿಸುವಂತಾಯಿತು.

ಮೂರನೆಯ ಸಲ, ಕಾಲು ಜೋಮು ಹಿಡಿದದ್ದರಿಂದ, ಮೇಸ್ತ್ರಿ ಹಿಂದಕ್ಕೆ ಮುಖ ಮಾಡಿ ಕಾಲು ಚಾಚಿ ಕೂತರು. ಗಾಡಿ ತಿರುಗಿತು, ಸದ್ದು ಬಂತು, ಅವರ ಬಲಗೈ ಮೇಲೆದ್ದಿತು. ಆದರೆ ಹಾಗೆ ಕೂತವರ ಬಲವೆಂದರೆ ಗಾಡಿಯ ಎಡ! ಅವರು ಮುಂದಕ್ಕೆ ತಿರುಗಿ ಕೂತರು; ಮತ್ತೆ ಬಲಗೈ. ಹಿಂದಕ್ಕೆ ತಿರುಗಿದರು, ಮತ್ತೆ ಅದೇ ಕೈ. ಎತ್ತ ಕೂತರೂ ಸದ್ದು ಅವರ ಬಲಕ್ಕೇ ಬರುತ್ತಿತ್ತು. ಕೊನೆಗೆ ಬೆರಳಿನಿಂದ ಬಲಗಿವಿಯನ್ನು ಮುಚ್ಚಿಕೊಂಡು ಒಂದು ಪೂರ್ತಿ ಸುತ್ತು ಕೂತರು. ಈ ಸಲ ಯಾವ ಕೈಯೂ ಮೇಲೇಳಲಿಲ್ಲ.

"ನಿಮಗೆ ಯಾವ ಕಡೆಯಿಂದ ಕೇಳುತ್ತೆ?" ಎಂದರು.

ಅವರು ಇನ್ನೊಬ್ಬರನ್ನು ಆ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ನನಗೋ ಎಲ್ಲ ಕಡೆಯಿಂದಲೂ ಕೇಳುತ್ತಿತ್ತು, ಹಾಗೇ ಹೇಳಿಬಿಟ್ಟೆ. ನಾಚಿಕೆಯಾಯಿತು.

ಅವರು ಹಿಂಭಾಗವನ್ನು ಜಾಕಿನ ಮೇಲೆತ್ತಿ, ಒಂದು ಕೈಯಿಂದ ಚಕ್ರ ತಿರುಗಿಸುತ್ತ, ಇನ್ನೊಂದು ಅಂಗೈಯನ್ನು ಆಕ್ಸಲ್ ಮೇಲಿಟ್ಟರು. ಬಲದ್ದು ನುಣ್ಣಗೆ ತಿರುಗಿತು. ಎಡದ್ದು ಒಳಗೆ ಮರಳು ಸಿಕ್ಕಂತೆ ನಡುಗಿತು. ನ್ಯಾಯವಾಗಿ ಕೂಗಬೇಕಾದದ್ದೇ ಅಷ್ಟು ದಿನವೂ ಕೂಗುತ್ತಿತ್ತು.

ಅಕ್ಕ ಬಂದು ಅವರ ಎಡಕ್ಕೆ ನಿಂತು, ಅಂತೂ ಯಾವ ಕಡೆ ಎಂದು ಕೇಳಿದಳು. ಅವರು ತಿರುಗಲಿಲ್ಲ. ಮತ್ತೆ ಕೇಳಿದಳು. ಅವರು ಚಕ್ರ ತಿರುಗಿಸುತ್ತಲೇ ಇದ್ದರು. ಅಕ್ಕ ನನ್ನ ಮುಖ ನೋಡಿದಳು. ಗಾಡಿಯನ್ನು ಬಳಸಿಕೊಂಡು ಬಂದು ಅವರ ಬಲಗಡೆ ಕುಕ್ಕರಗಾಲಲ್ಲಿ ಕೂತಳು.

"ಗಾಡಿದು ಎಡಚಕ್ರ, ತಾಯಿ" ಎಂದರು ಮೇಸ್ತ್ರಿ. "ನಂದು ಎಡಗಿವಿ."

ಒಂದೇ ಇಂದ್ರಿಯವನ್ನು ನಂಬಿ ಬಾಳು ಕಟ್ಟಿದ ಕುಶಲಿಗರ ಪಾಡೇ ಹೀಗೆ. ಪರರ ಗಾಡಿಯ ಸವೆತ ಅವರಿಗೆ ಮೊದಲೇ ಕೇಳಿಸುತ್ತದೆ. ತಮ್ಮದು ಸವೆಯುವಾಗ ಸದ್ದೇ ಆಗುವುದಿಲ್ಲ. ಆಗ ಅವರು ಕೇಳಬೇಕಾಗಿ ಬರುವುದು, ಎಡ ಬಲ ತಿಳಿಯದ ನಮ್ಮಂಥವರನ್ನು.