ಇಂಚರ ಹುಟ್ಟಿದ ಕಲ್ಲು ಕಟ್ಟಡ

ನಾಲ್ಕನೇ ಕ್ಲಾಸಿನ ಇಂಚರಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಚಿಕ್ಕವಳಿದ್ದಾಗ ತಾನಿದ್ದ ಮನೆಯ ಫೋಟೋ ತೆಗೆದು ಹಾಳೆಗೆ ಅಂಟಿಸಿ ತರಬೇಕು. ಭಾನುವಾರ ರೊಟ್ಟಿ ಬಡಿದಿಟ್ಟು, ಬಟ್ಟೆ ಹರವಿ, ತಾಯಿ ರಾಜಶ್ರೀ ಮಗಳ ಕೈ ಹಿಡಿದು ಹೊರಟಳು. ಸುದ್ದಗುಂಟೆಪಾಳ್ಯದ ಮನೆ ಇದ್ದಲ್ಲಿ ಗಾಜಿನ ಆಫೀಸು ನಿಂತಿತ್ತು. ಅರೆಕೆರೆಯ ಮನೆ ಇದ್ದಲ್ಲಿ ಐದು ಮಹಡಿಯ ಪಿ.ಜಿ. ಹಾಸ್ಟೆಲ್.

"ಅಮ್ಮಾ, ನಾವು ಇಲ್ಲಿದ್ದಿದ್ದು ನಿಜಾನಾ?" ಎಂದಳು ಇಂಚರ.

ಗದಗದಿಂದ ಬೆಂಗಳೂರಿಗೆ ಬಂದು ಹನ್ನೊಂದು ವರ್ಷವಾಗಿದ್ದ ರಾಜಶ್ರೀ ಮಗಳನ್ನು ಮತ್ತೆ ಬಸ್ಸು ಹತ್ತಿಸಿದಳು. ಬರುವಾಗ ಯಡಿಯೂರಿನಲ್ಲಿ ಬಸ್ಸಿಳಿದಳು. ಅಲ್ಲಿ ಒಂದು ಹಳೆಯ ಕಲ್ಲಿನ ಹೆರಿಗೆ ಆಸ್ಪತ್ರೆಯಿದೆ. ಈಗ ಮುಚ್ಚಿದೆ.

"ನೀ ಹುಟ್ಟಿದ್ದು ಇಲ್ಲೆ. ನಿಮ್ಮಜ್ಜಿ ಎರಡು ದಿನ ಈ ಕಟ್ಟೀ ಮ್ಯಾಲೆ ಕುಂತಿದ್ಲು. ಊಟಕ್ಕ ಕರದ್ರೂ ಏಳಲಿಲ್ಲ."

ಆ ಅಜ್ಜಿ, ರಾಜಶ್ರೀಯ ತಾಯಿ ಶಿವವ್ವ, ಈಗಿಲ್ಲ. ಬೆಂಗಳೂರಿಗೆ ಆಕೆ ಬಂದದ್ದು ಅದೊಂದೇ ಸಲ. ರಾಜಶ್ರೀ ಜಗಲಿಯ ಮೇಲೆ ಅಂಗೈ ಇಟ್ಟಳು. ಬಿಸಿಲಿಗೆ ಕಾದ ಕಲ್ಲು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಬೆಚ್ಚಗಿತ್ತು. ತುಂಬಾ ಹೊತ್ತು ಕೈ ತೆಗೆಯಲು ಮನಸ್ಸಾಗಲಿಲ್ಲ. ಇಂಚರ ಶಾಲೆಯ ಹಾಳೆಗೆಂದು ಅಮ್ಮನ ಫೋನಿನಲ್ಲಿ ಆ ಕಟ್ಟಡದ ಫೋಟೋ ತೆಗೆದಳು.

ಗೇಟಿನ ಬಳಿ ಕನ್ನಡಕ ಏರಿಸಿಕೊಂಡು ಒಬ್ಬ ಹಿರಿಯ ಹೆಂಗಸು ನೋಟಿಸ್ ಓದುತ್ತಿದ್ದರು. ಚೂಡಾಮಣಿ. ಇದೇ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು.

"ಹಳೇ ಕಟ್ಟಡ ಉಳಿಸೋಕೆ ಸರ್ಕಾರದೋರು ಹೊಸ ನಿಯಮ ಮಾಡ್ತಿದಾರಮ್ಮ. ಇದು ಪಟ್ಟಿಗೆ ಸೇರಿದ್ರೆ ಹಾಗೆಲ್ಲಾ ಸುಮ್ಮನೆ ಕೆಡವೋ ಹಾಗಿಲ್ಲ. ಸೇರಿಸ್ಬೇಕಾ ಬೇಡ್ವಾ, ಬರೆದು ತಿಳಿಸಿ ಅಂತ ಜನರನ್ನ ಕೇಳಿದಾರೆ. ಶುಕ್ರವಾರ ಕೊನೇ ದಿನ. ಅವತ್ತೇ ಸಭೇನೂ ಇದೆ."

"ಒಳ್ಳೇದಾತಲ್ರಿ. ಬ್ಯಾಡ ಅನ್ನೋರು ಬರೀತಾರ. ನಮಗ ಇದು ಬೇಕು. ನಾವ್ಯಾಕ ಬರೀಬೇಕ್ರಿ?"

"ಎಲ್ಲಾರೂ ಹಿಂಗೇ ಅಂದ್ಕೊಂಡು ಕೂತಿದಾರೆ! ಮೊನ್ನೆ ಅವರ ಆಫೀಸಲ್ಲಿ ಕೇಳ್ದೆ. ಬಂದಿರೋವೆಲ್ಲಾ ಬೇಡ ಅನ್ನೋ ಪತ್ರಗಳೇ. ಬೇಕು ಅನ್ನೋದು ಒಂದೂ ಇಲ್ಲ. ಪಾರ್ಕಲ್ಲಿ ವಾಕ್ ಮಾಡ್ತಾ 'ಅಯ್ಯೋ ಪಾಪ' ಅಂದ್ರೆ ಫೈಲಿಗೆ ಹೋಗತ್ತಾ?"

"ನೀವು ಬರೀರಿ ಅಕ್ಕಾರ. ನಾವು ಬಾಡಗಿ ಮಂದಿ. ಮಾಲಕರು ಖಾಲಿ ಮಾಡ್ರಿ ಅಂದ್ರ ನಾಳೇನ ಗಂಟು ಕಟ್ಟೋರು. ನಮ್ಮ ಮಾತು ಯಾರ್ ಕೇಳ್ತಾರ?"

ಚೂಡಾಮಣಿ ನೋಟಿಸಿನ ಮೇಲೆ ಬೆರಳಿಟ್ಟರು. "ಇಲ್ನೋಡು. ಸಾರ್ವಜನಿಕರು ಅಂತಿದೆ. ಸ್ವಂತ ಮನೆ ಇರೋ ಸಾರ್ವಜನಿಕರು ಅಂತಿಲ್ಲ. ನಾನೂ ಬರೀತೀನಿ, ನೀನೂ ಬರಿ."

ಆ ಸಂಜೆ ಸಾರಿಗೆ ಒಗ್ಗರಣೆ ಹಾಕಿ, ರಾಜಶ್ರೀ ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ಬರೆಯಲು ಕುಳಿತಳು. ಗಂಡ ನಿಂಗರಾಜ ನಕ್ಕ.

"ನಿನ್ನ ಒಂದು ಪತ್ರಕ್ಕ ಕಟ್ಟಡ ನಿಲ್ತೈತೇನ?"

"ನಿಲ್ತೈತೋ ಇಲ್ಲೋ. ಇಂಚರಾಗ ತೋರಸಾಕ ಈ ಊರಾಗ ನಮ್ಮದಂತ ಉಳಿದಿದ್ದು ಅದೊಂದ."

ಅವಳು ಹೆಸರು, ವಿಳಾಸ ಬರೆದಳು. ಅವ್ವ ಅಲ್ಲಿ ಕೂತದ್ದನ್ನು ಬರೆದಳು. ಮಗಳ ಜನನ ಪ್ರಮಾಣಪತ್ರದ ನಕಲಿಟ್ಟಳು. ಅದರಲ್ಲಿ ಆ ಆಸ್ಪತ್ರೆಯ ಹೆಸರಿತ್ತು. ನಿಂಗರಾಜ ಅದನ್ನು ಎತ್ತಿಕೊಂಡು ಓದಿದ. ಮತ್ತೆ ಓದಿದ.

"ಆ ಎರಡು ದಿನ ನಾನೂ ಗೇಟಿನ ಹೊರಗ ನಿಂತಿದ್ನಲ್ಲ," ಎಂದ ಮೆಲ್ಲಗೆ. "ಇನ್ನೊಂದು ಹಾಳಿ ಕೊಡು."

ಶುಕ್ರವಾರದ ಸಭೆಯಲ್ಲಿ ಜಯನಗರದ ವೆಂಕಟಾಚಲ ಎದ್ದು ನಿಂತರು. ಪಟ್ಟಿಗೆ ಸೇರಿಸಬೇಕೆಂದಿದ್ದ ಕಟ್ಟಡಗಳಲ್ಲಿ ಅವರ ಹಳೆಯ ಮನೆಯೂ ಇತ್ತು. "ಹೆಂಚು ಬದಲಾಯಿಸೋಕೂ ಪರ್ಮಿಷನ್ ಕೇಳ್ಬೇಕಾ? ನೆನಪು ನಿಮ್ದು, ಸೋರೋ ಸೂರು ನಮ್ದು!"

ಸಭೆ ಗೊಳ್ಳೆಂದಿತು. ಆ ನಗುವಿನ ನಡುವೆ ರಾಜಶ್ರೀ ಎದ್ದಳು.

"ಖರೆ ಐತ್ರಿ ಅಂಕಲ್. ಸೋರೋ ಮನ್ಯಾಗ ನಾನೂ ಬಕೇಟ ಇಟ್ಟೀನಿ. ರಿಪೇರಿಗೆ ಸಹಾಯ ಕೊಡ್ರಿ, ಪರ್ಮಿಷನ್ ಲಗೂ ಕೊಡ್ರಿ ಅಂತ ನೀವು ಬರೀರಿ. ನಾನೂ ಸಹಿ ಹಾಕ್ತೀನಿ. ಆದ್ರ ಆ ಆಸ್ಪತ್ರಿ ಇರ್ಲಿ ಬಿಡ್ರಿ. ನಮ್ಮವ್ವ ಕುಂತಿದ್ದ ಜಾಗ ಅದೊಂದ ಐತಿ."

ವೆಂಕಟಾಚಲ ಜೇಬು ತಡಕಿದರು. ಆಮೇಲೆ, "ಪೆನ್ ಕೊಡಮ್ಮ, ನಿನ್ ಮಾತೂ ಸೇರಿಸಿ ಬರೀತೀನಿ," ಎಂದರು.

ಅಧಿಕಾರಿ ರಾಜಶ್ರೀ, ನಿಂಗರಾಜ, ಚೂಡಾಮಣಿ, ವೆಂಕಟಾಚಲ ನಾಲ್ವರ ಪತ್ರಗಳನ್ನೂ ತೆಗೆದುಕೊಂಡು, ಪ್ರತಿಗಳಿಗೆ ತಲುಪಿದೆ ಎಂಬ ಸೀಲು ಹಾಕಿಸಿಕೊಟ್ಟರು. ತೀರ್ಮಾನ ಇನ್ನೂ ಬಂದಿಲ್ಲ. ಆದರೆ ಈಗ ಫೈಲಿನಲ್ಲಿ "ಬೇಕು" ಎನ್ನುವ ಪತ್ರಗಳೂ ಇವೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ನಿಮ್ಮವರು ಕೂತೆದ್ದ ಒಂದು ಹಳೆಯ ಕಟ್ಟಡ ಇರಬಹುದು. ಅದರ ಬಗ್ಗೆ ನೋಟಿಸ್ ಕಂಡರೆ ನಿಂತು ಓದಿ, ಕೊನೆಯ ದಿನ ಯಾವುದೆಂದು ನೋಡಿ. ಬೇಡ ಎನ್ನುವವರು ಬರೆಯಲಿ, ಅವರ ಕಷ್ಟವೂ ನಿಜವೇ. ಬೇಕು ಎನ್ನುವ ನೀವೂ ಬರೆಯಿರಿ. ಹೆಸರು, ವಿಳಾಸ, ಕಟ್ಟಡ ಯಾವುದು, ಯಾಕೆ ಉಳಿಯಬೇಕು, ಅಷ್ಟು ಸಾಕು. ಒಂದು ಪ್ರತಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಬಾಡಿಗೆಯವರೆಂದು ಹಿಂಜರಿಯಬೇಡಿ. ಕೆಡವಿದ ಮೇಲೆ ಸುರಿಸುವ ಕಣ್ಣೀರನ್ನು ಯಾವ ಕಚೇರಿಯೂ ಸ್ವೀಕರಿಸುವುದಿಲ್ಲ.