ಕೆಳಗಿನಿಂದ ಓದುವ ಕಲ್ಲು

"ಏಯ್ ಎಂಟನೇ ಕ್ಲಾಸು, ಬಾಯಿ ಮುಚ್ಚೋ! ನಿನಗೆ ಕೂಲಿ ಕೊಡೋದು ಕಲ್ಲು ತಿಕ್ಕೋಕೆ, ಪಾಠ ಹೇಳೋಕಲ್ಲ."

ಯೋಗರಾಜ್ ಇದನ್ನು ಕಿವಿಯಲ್ಲಿ ಹೇಳಲಿಲ್ಲ, ಕೆನ್ನೆಗೆ ಅಂಟಿಸಿಕೊಂಡಿದ್ದ ಮೈಕಿನಲ್ಲೇ ಹೇಳಿದ. ಹಾಲ್ಗುಡ್ಡೆಯ ಪುಷ್ಕರಣಿಯ ಬಳಿ ನಿಂತಿದ್ದ ಇಪ್ಪತ್ತೆರಡು ಮಂದಿ ಪ್ರವಾಸಿಗಳಿಗೂ ಕೇಳಿಸಿತು, ಪಕ್ಕದ ಕೆರೆ ಏರಿಯ ಮೇಲೆ ಎಮ್ಮೆ ಮೇಯಿಸುತ್ತ ಕೂತಿದ್ದ ಊರವರಿಗೂ ಕೇಳಿಸಿತು. ಪ್ರವಾಸಿಗಳಲ್ಲಿ ಇಬ್ಬರು ನಕ್ಕರು. ಉಳಿದವರು ಮೊಬೈಲು ನೋಡಿಕೊಂಡರು.

ಸಿದ್ದು ಕೈಯಲ್ಲಿದ್ದ ನಾರಿನ ಬ್ರಷ್ಷನ್ನು ಹಾಗೇ ಹಿಡಿದು ನಿಂತ. ಕಿವಿಯ ಬುಡ ಕಾದು ಹೋಗಿತ್ತು. ಅವನು ಆಡಿದ್ದು ಒಂದೇ ಮಾತು: "ಸಾರ್, ಆ ಕಲ್ಲನ್ನ ಮೇಲಿಂದ ನೋಡೋದಲ್ಲ, ಕೆಳಗಿಂದ ನೋಡ್ಬೇಕು." ಕೇಳಿದ್ದರೆ ಯಾಕೆಂದೂ ಹೇಳುತ್ತಿದ್ದ. ಕೇಳುವವರು ಯಾರು?

ಯೋಗರಾಜ್ ಶಿವಮೊಗ್ಗದವನು. ಭಾನುವಾರ ಬಂತೆಂದರೆ ಆಲ್ಕೊಳ ಸರ್ಕಲ್ಲಿನಲ್ಲಿ ಜನರನ್ನು ಟೆಂಪೋ ಟ್ರಾವೆಲರಿಗೆ ಹತ್ತಿಸಿಕೊಂಡು, ಬೆಳಿಗ್ಗೆ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ತೋರಿಸಿ, ತಿಂಡಿ ತಿನ್ನಿಸಿ, ಮಧ್ಯಾಹ್ನದ ಹೊತ್ತಿಗೆ ಭದ್ರಾವತಿಯ ಕಡೆ ತಿರುಗಿಸುತ್ತಿದ್ದ. ಹಾಲ್ಗುಡ್ಡೆ ಅವನ ಪಟ್ಟಿಗೆ ಸೇರಿದ್ದು ಈ ವರ್ಷ. ನೋಡಲು ಇಲ್ಲಿ ಮೂರು ಇವೆ: ಮೆಟ್ಟಿಲಿನ ಪುಷ್ಕರಣಿ, ಅದರ ದಡದ ವೀರಗಲ್ಲು, ಗುಡ್ಡದ ತುದಿಯ ಹಳೆಯ ಮಂಟಪ. ಪುಷ್ಕರಣಿಯ ಹೂಳೆತ್ತಿ, ಕಲ್ಲಿನ ಸುತ್ತಲಿನ ಲಂಟಾನ ಕಡಿದು, ಒಂದು ಕಟ್ಟೆ ಕಟ್ಟಿಕೊಡಲು ಅವನು ಹಿಡಿದದ್ದು ಇದೇ ಊರಿನ ಗಾರೆ ಕೆಲಸದ ಸಿದ್ದುವನ್ನು.

ವೀರಗಲ್ಲು ಒಂದಾಳೆತ್ತರದ ಚಪ್ಪಡಿ. ಒಂದರ ಮೇಲೊಂದು ಮೂರು ಅಂಕಣ. ಕೆಳಗಿನದರಲ್ಲಿ ತುರುಬು ಕಟ್ಟಿದ ಒಬ್ಬ ಬಿಲ್ಲು ಹಿಡಿದು ನಾಲ್ವರ ಎದುರು ನಿಂತಿದ್ದಾನೆ, ಅವನ ಬೆನ್ನ ಹಿಂದೆ ಬಾಲ ಎತ್ತಿದ ಹಸುಗಳು. ನಡುವಿನದರಲ್ಲಿ ಅದೇ ತುರುಬಿನವನನ್ನು ಇಬ್ಬರು ಹೆಂಗಸರು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಲಿಂಗದ ಮುಂದೆ ಅವನು ಕೈಮುಗಿದು ಕೂತಿದ್ದಾನೆ.

ಯೋಗರಾಜ್ ಇದನ್ನು ಮೇಲಿನಿಂದ ಓದಿಬಿಟ್ಟಿದ್ದ, ಪೇಪರು ಓದುವ ಹಾಗೆ. "ನೋಡಿ, ಮೊದಲು ರಾಜ ಶಿವಪೂಜೆ ಮಾಡ್ತಾನೆ. ಆಮೇಲೆ ಇಬ್ಬರು ರಾಣಿಯರ ಜೊತೆ ಹೊರಡ್ತಾನೆ. ಕೊನೆಗೆ ಪಕ್ಕದೂರಿನ ಮೇಲೆ ಬಿದ್ದು ಅವರ ಹಸುಗಳನ್ನ ಗೆದ್ಕೊಂಡು ಬರ್ತಾನೆ. ಎಂಥಾ ಪರಾಕ್ರಮ!"

ಆಗಲೇ ಸಿದ್ದು ಬಾಯಿ ಹಾಕಿದ್ದು, ಬೈಸಿಕೊಂಡದ್ದು.

"ಸರಿ, ಈಗ ಎಲ್ಲರೂ ಗುಡ್ಡ ಹತ್ತೋಣ," ಎಂದ ಯೋಗರಾಜ್. ಹೊರಡುವ ಮೊದಲು ಗೋಣಿಚೀಲ ಸರಿಸಿ ಒಂದು ಕರಿ ಗ್ರಾನೈಟ್ ಫಲಕ ತೋರಿಸಿದ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಕೆತ್ತಿಸಿ ತಂದದ್ದು, ಬಂಗಾರದ ಬಣ್ಣದ ಅಕ್ಷರ. "ನಾವು ಇಳಿಯೋದ್ರೊಳಗೆ ಇದನ್ನ ಕಟ್ಟೆಗೆ ಕೂರಿಸಿರ್ಬೇಕು. ಗ್ರೂಪ್ ಫೋಟೊ ಇದರ ಮುಂದೆಯೇ. ಗಟ್ಟಿಯಾಗಿರ್ಲಿ ಮಾರಾಯ, ನಮ್ಮ ಕಾಲ ಮುಗಿದ್ಮೇಲೂ ಇರ್ಬೇಕು. ಕೈ ಕೆಲಸ ಅಲ್ವಾ, ಅದಾದ್ರೂ ಬರುತ್ತೆ ನಿನಗೆ."

ಜನ ಸಾಲಾಗಿ ಗುಡ್ಡದ ದಾರಿ ಹಿಡಿದರು. ಕೊನೆಯಲ್ಲಿ ಹೊರಟ ಕನ್ನಡಕದ ಹೆಂಗಸೊಬ್ಬಳು, ಆಲ್ಕೊಳದ ಬ್ಯಾಂಕಿನಲ್ಲಿ ಕೆಲಸದಲ್ಲಿರುವ ವಿದ್ಯಾಶ್ರೀ, ಸಿದ್ದುವಿನ ಕಡೆ ತಿರುಗಿ ಏನೋ ಕೇಳಲು ಹೋದಳು. "ಬನ್ನಿ ಮೇಡಂ, ಹೊತ್ತಾಗುತ್ತೆ," ಎಂದು ಮೈಕು ಕೂಗಿತು. ಅವಳೂ ಹೋದಳು.

ಸದ್ದು ಅಡಗಿತು. ಪುಷ್ಕರಣಿಯ ನೀರು ಹೂಳೆತ್ತಿದ ಮೇಲೆ ತಿಳಿಯಾಗಿತ್ತು. ಮಿಂಚುಳ್ಳಿಯೊಂದು ಮೆಟ್ಟಿಲಿಂದ ಮೆಟ್ಟಿಲಿಗೆ ಹಾರಿ ಕೂತು ನೀರನ್ನೇ ನೋಡುತ್ತಿತ್ತು. ಸಿದ್ದು ಸಿಮೆಂಟು ಮರಳು ಬೆರೆಸಿದ, ನೀರು ಹಾಕಿದ, ಕಲಸಿದ. ಅವನ ಸಿಟ್ಟೆಲ್ಲ ಸಲಿಕೆಗೆ ಇಳಿದು ಗಾರೆ ಬೆಣ್ಣೆಯ ಹಾಗೆ ಹದವಾಯಿತು.

ಅಪ್ಪನಿಗೆ ಕಾರ್ಖಾನೆಯ ಗುತ್ತಿಗೆ ಕೆಲಸ ತಪ್ಪಿದ ವರ್ಷ ಅವನು ಶಾಲೆ ಬಿಟ್ಟದ್ದು ನಿಜ. ಆದರೆ ಕಲಿಯುವುದನ್ನು ಬಿಟ್ಟಿರಲಿಲ್ಲ. ಉಜ್ಜನಪ್ಪ ಮೇಸ್ತ್ರಿಯ ಕೈಕೆಳಗೆ ಆರು ವರ್ಷ ಕಲ್ಲು ಹೊತ್ತಿದ್ದ. ಯಾವ ಕಟ್ಟಡದ ಮುಂದೆ ನಿಂತರೂ ಮೇಸ್ತ್ರಿ ಮೊದಲು ಬಗ್ಗಿ ಪಾಯ ನೋಡುತ್ತಿದ್ದರು. "ಕಟ್ಟಿದೋನು ಎಲ್ಲಿಂದ ಶುರು ಮಾಡಿದ್ನೋ ನೀನೂ ಅಲ್ಲಿಂದ್ಲೇ ಶುರು ಮಾಡ್ಬೇಕಪ್ಪ. ತಾರಸಿ ನೋಡಿ ಮನೆ ಕಥೆ ಹೇಳ್ಬಾರ್ದು." ಆ ಕಣ್ಣಿಂದ ನೋಡಿದರೆ ವೀರಗಲ್ಲಿನಲ್ಲಿ ಬಿಡಿಸಬೇಕಾದ ಒಗಟೇ ಇರಲಿಲ್ಲ. ಕೆಳಗೆ ಹೋರಾಡಿದ, ಸತ್ತ. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ದರು. ಮೇಲೆ ಶಿವನ ಹತ್ತಿರ ಸೇರಿದ. ಹಸು ಕದಿಯಲು ಬಂದವರು ಆ ನಾಲ್ವರು. ಇವನು ಅವನ್ನು ಕಾಯ್ದವನು.

ದ್ಯಾಮಮ್ಮ ಮಜ್ಜಿಗೆಯ ಕೊಡ ಸೊಂಟಕ್ಕಿಟ್ಟು ಬಂದಳು. ಸಿದ್ದುವಿನ ಅಜ್ಜಿ. ಪ್ರವಾಸಿಗಳಿಗೆಂದು ಮಾಡಿದ ಮಜ್ಜಿಗೆ.

"ಎಲ್ಲಾ ಗುಡ್ಡ ಹತ್ತಿದ್ರಾ? ಬಿಸಿಲಲ್ಲಿ ಯಾಕೆ ಹತ್ಸಿದಾನೋ ಪುಣ್ಯಾತ್ಮ. ನೀ ಕುಡಿ ಒಂದು ಲೋಟ." ಕೊಡ ಇಳಿಸಿದವಳು ಫಲಕದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಕ್ಷರದ ಮೇಲೆ ಬೆರಳಾಡಿಸಿದಳು. "ಚೆಂದ ಐತೆ ಮಾರಾಯ. ನಮ್ಮ ಕಾವಲಜ್ಜಂದಾ? ಏನ್ ಬರ್ಸವ್ರೆ, ಓದು."

ಕಾವಲಜ್ಜ ಎಂದರೆ ಇದೇ ಕಲ್ಲು. ದೀಪಾವಳಿಯ ಪಾಡ್ಯದ ದಿನ, ಮೈತೊಳೆದ ದನಗಳನ್ನು ಗುಡ್ಡಕ್ಕೆ ಹೊಡೆಯುವ ಮೊದಲು, ದ್ಯಾಮಮ್ಮನ ಮನೆಯವರು ಹೊಸ ಬೆಣ್ಣೆ ತಂದು ಕಲ್ಲಿನ ಹಸುಗಳ ಬಾಯಿಗೆ ಸವರುತ್ತಿದ್ದರು. ಆಮೇಲೆ ಬಿಲ್ಲಿನವನ ಎದೆಗೆ. ಕಡೆಗೆ ಮೇಲಿನ ಲಿಂಗಕ್ಕೊಂದು ಹೂವು. ಎಷ್ಟು ತಲೆಮಾರಿನಿಂದಲೋ, ಹಸುಗಳ ಮೂತಿ ಸವೆದು ಕನ್ನಡಿಯಾಗಿತ್ತು.

"ಬೇಡ ಬಿಡಜ್ಜಿ."

"ಓದೋ ಅಂದ್ರೆ."

ಸಿದ್ದು ತಡವರಿಸದೆ ಓದಿದ. "ಶಿವಭಕ್ತನಾದ ಈ ರಾಜನು ತನ್ನ ರಾಣಿಯರೊಡನೆ ಹೊರಟು, ನೆರೆಯ ಗ್ರಾಮದ ಮೇಲೆ ದಾಳಿ ಮಾಡಿ, ಅಲ್ಲಿನ ಗೋವುಗಳನ್ನು ವಶಪಡಿಸಿಕೊಂಡನು."

ದ್ಯಾಮಮ್ಮನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ವಶ ಅಂದ್ರೆ... ಹೊಡ್ಕೊಂಡ್ ಹೋದ ಅಂತಾ?"

"ಹೂಂ."

"ನಮ್ಮಜ್ಜನ್ನ ದನಗಳ್ಳ ಅಂತ ಬರ್ಸವ್ನಾ?"

ಸಿದ್ದು ಗಾರೆ ಮಗುಚಿದ.

"ನೀ ಹೇಳ್ಬಾರ್ದಿತ್ತೇನೋ?"

"ಹೇಳ್ದೆ. ಬೈಸ್ಕೊಂಡೆ."

ಅವಳು ಉಗುರಿನಿಂದ ಒಂದು ಅಕ್ಷರ ಕೆರೆದು ನೋಡಿದಳು. "ಬಣ್ಣ ಅಲ್ವಾ ಇದು? ಹೋಗಲ್ವಾ?"

"ಕೆತ್ತಿರೋದು ಅಜ್ಜಿ. ಬಣ್ಣ ಹೋದ್ರೂ ಅಕ್ಷರ ಹೋಗಲ್ಲ. ನಾಳೆ ನಮ್ಮೂರ ಮಕ್ಕಳೂ ಇದನ್ನೇ ಓದ್ತಾರೆ."

ಅಜ್ಜಿ ಸೆರಗಿನಿಂದ ಕಲ್ಲಿನ ಹಸುಗಳ ಮೇಲಿನ ಧೂಳು ಒರೆಸಿ, ಕೊಡ ಎತ್ತಿಕೊಂಡು ಆಲದ ನೆರಳಿಗೆ ಹೋಗಿ ಕೂತಳು.

ಸಿದ್ದು ಫಲಕದ ಮುಂದೆ ನಿಂತ. ಹಾರೆಯ ಒಂದು ಏಟು ಸಾಕಿತ್ತು. ಆದರೆ ಒಡೆದರೆ ಇನ್ನೊಂದು ಕೆತ್ತಿಸುತ್ತಾನೆ, ಊರ ಪುಂಡರು ಒಡೆದರು ಎಂದು ಮೈಕಿನಲ್ಲಿ ಹೇಳುತ್ತಾನೆ. ಕೂರಿಸದೆ ಹೋದರೆ ಬೇರೆ ಯಾರಾದರೂ ಕೂರಿಸುತ್ತಾರೆ. ಅವನು ಕೂತು ಮಜ್ಜಿಗೆ ಕುಡಿದು ಮುಗಿಸಿದ. ಮಿಂಚುಳ್ಳಿ ಒಮ್ಮೆ ಮುಳುಗಿ ಎದ್ದಿತು. ಅವನೂ ಎದ್ದ.

ಕಟ್ಟೆಯಲ್ಲಿ ಬಿಟ್ಟಿದ್ದ ಗೂಡಿಗೆ ನೀರು ಚಿಮುಕಿಸಿ ಗಾರೆ ಬಡಿದ. ಫಲಕವನ್ನು ಎದೆಗೆ ಆನಿಸಿ ಎತ್ತಿದ, ಅರ್ಧಸುತ್ತು ತಿರುಗಿಸಿದ, ಗೂಡಿಗೆ ಇಳಿಸಿದ. ಮಟ್ಟಗೋಲು ಇಟ್ಟು ನೋಡಿದ, ಒಂದು ಕೂದಲಿನಷ್ಟೂ ವಾರೆ ಇರಲಿಲ್ಲ. ಸುತ್ತಲೂ ಕಲ್ಲಿನ ಚಕ್ಕೆ ಜಡಿದು, ಸಂದಿಗೆ ಗಾರೆ ತುಂಬಿ, ಅಂಚು ತೀಡಿದ. ಉಜ್ಜನಪ್ಪ ಮೇಸ್ತ್ರಿ ಬಂದು ನೋಡಿದ್ದರೂ ಕೊಂಕು ತೆಗೆಯಲಾಗದ ಕೆಲಸ.

ಒಂದೂವರೆ ಗಂಟೆಯ ಮೇಲೆ ಜನ ಬೆವರೊರೆಸಿಕೊಳ್ಳುತ್ತ ಇಳಿದರು. "ಬನ್ನಿ, ಫಲಕದ ಮುಂದೆ ಎರಡು ಸಾಲು ಮಾಡಿ," ಎನ್ನುತ್ತ ಮುಂದೆ ಬಂದ ಯೋಗರಾಜನ ಮಾತು ನಿಂತಿತು.

ಫಲಕ ತಲೆಕೆಳಗಾಗಿ ಕೂತಿತ್ತು. ಮೊದಲ ಸಾಲು ನೆಲದ ಹತ್ತಿರ, ಕೊನೆಯ ಸಾಲಿನ 'ಯೋಗರಾಜ್ ಟೂರ್ಸ್' ಎಲ್ಲಕ್ಕಿಂತ ಮೇಲೆ, ಕಾಲು ಮೇಲೆ ಮಾಡಿಕೊಂಡು. ಒಬ್ಬ ಮೊಬೈಲನ್ನು ತಿರುಗಿಸಿ ಹಿಡಿದು ಓದಲು ನೋಡಿದ. ಅವನ ಹೆಂಡತಿ ಅವನನ್ನೇ ನೋಡಿ ನಕ್ಕಳು. ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿತು.

ಯೋಗರಾಜ್ ಎರಡೂ ಕೈ ಹಾಕಿ ಫಲಕ ಎಳೆದ. ಅದು ಮಿಸುಕಲಿಲ್ಲ. ಹೊಸ ಗಾರೆ ಉಗುರಿಗೆ ಮೆತ್ತಿತು, ಅಷ್ಟೆ.

"ಇದನ್ನ ಕೆಳಗಿಂದ ಓದ್ಬೇಕೇನೋ," ಎಂದಳು ವಿದ್ಯಾಶ್ರೀ. ಹೇಳಿದವಳಿಗೆ ಸಿದ್ದು ಆಗ ಆಡಿದ್ದ ಮಾತು ನೆನಪಾಯಿತು. ಮೆಲ್ಲನೆ ವೀರಗಲ್ಲಿನ ಬುಡಕ್ಕೆ ಹೋಗಿ ಕೂತು ಕತ್ತೆತ್ತಿ ನೋಡಿದಳು. "ಅಲ್ಲಾ ಯೋಗರಾಜ್, ಹಸುಗಳ ಮುಂದೆ ಅಡ್ಡ ನಿಂತಿರೋನು ಈ ತುರುಬಿನೋನೇ ಅಲ್ವಾ? ಕದಿಯೋನು ಹಸುಗಳಿಗೆ ಬೆನ್ನು ಕೊಟ್ಟು ನಿಲ್ತಾನಾ?"

ಮೂರ್ನಾಲ್ಕು ಮಂದಿ ಅವಳ ಪಕ್ಕ ಬಗ್ಗಿದರು. "ಹೌದಲ್ಲ," ಎಂದರು ಯಾರೋ. ಆಲದ ಕೆಳಗಿದ್ದ ದ್ಯಾಮಮ್ಮ ಲೋಟಗಳನ್ನು ಜೋಡಿಸಿಕೊಂಡು ಎದ್ದು ಬಂದಳು. "ಬೆಣ್ಣೆ ಹಚ್ಚೋದು ಇಲ್ಲಿಂದ ಕಣಮ್ಮ, ಈ ಹಸಿನಿಂದ," ಎಂದು ತೋರಿಸತೊಡಗಿದಳು. ಯೋಗರಾಜನ ಹಿಂದೆ ಈಗ ಯಾರೂ ಇರಲಿಲ್ಲ.

ಅವನು ಸಿದ್ದುವಿನ ಕಡೆ ತಿರುಗಿದ. ಮೈಕು ಆರಿಸಲೂ ನೆನಪಾಗಲಿಲ್ಲ. "ಅಕ್ಷರ ಬರಲ್ವೇನೋ ನಿನಗೆ? ಮೇಲ್ಯಾವ್ದು ಕೆಳಗ್ಯಾವ್ದು ಗೊತ್ತಾಗಲ್ವಾ? ಬೇಕು ಅಂತ ಮಾಡಿದ್ಯೋ, ಓದೋಕೆ ಬರದೆ ಮಾಡಿದ್ಯೋ? ಹೇಳೋ!"

ಸಿದ್ದು ಕೊನೆಯ ಮೆಟ್ಟಿಲಲ್ಲಿ ಕೂತು ಕರಣೆ ತೊಳೆಯುತ್ತಿದ್ದ. ಹಿಡಿಯ ಸಂದಿಯ ಗಾರೆಯನ್ನೂ ಬೆರಳಿನಿಂದ ತೆಗೆದ. ಕರಣೆ, ಮಟ್ಟಗೋಲು ಎರಡನ್ನೂ ಬಾಂಡ್ಲಿಗೆ ಹಾಕಿ ಹೆಗಲಿಗೇರಿಸಿದ.

"ನಿನ್ನನ್ನೇ ಕೇಳ್ತಿರೋದು! ಹೇಳೋ!"

ಅವನು ಮೆಟ್ಟಿಲು ಹತ್ತಿ, ಕಲ್ಲಿನ ಸುತ್ತ ಕೂತವರನ್ನು ಬಳಸಿಕೊಂಡು, ಏರಿಯ ಮೇಲಿನ ದಾರಿ ಹಿಡಿದು ಊರ ಕಡೆ ನಡೆದ.