ಹತ್ತಿರದ ಆಸ್ಪತ್ರೆ

ಹಳ್ಳಿಯವರಿಗೆ ವೈದ್ಯರು ಎಷ್ಟು ಸುಲಭವಾಗಿ ಸಿಗುತ್ತಾರೆಂದು ಅಳೆಯುವ ಸಮೀಕ್ಷೆಗೆ ಸಂಘಮಿತ್ರಾ ಶಿಕಾರಿಪುರದಿಂದ ಸೊರಬದ ಕಡೆ ಬಂದು ಮೂರು ದಿನವಾಗಿತ್ತು. ಮೂರು ದಿನವೂ ಒಂದು ಪ್ರಶ್ನೆ ಅವಳ ತಲೆ ಕೊರೆಯುತ್ತಿತ್ತು. ಜಡೆ ಗ್ರಾಮದ ಹತ್ತಿರದ ಈ ಊರಿಗೆ ಸರ್ಕಾರಿ ಆಸ್ಪತ್ರೆ ಐದೇ ಕಿಲೋಮೀಟರು. ಡಾಕ್ಟರು ಒಳ್ಳೆಯವರು, ಮಾತ್ರೆಯೂ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೂ ಊರಿಗೆ ಊರೇ ದೂರದ ಆನವಟ್ಟಿಗೆ ಹೋಗುತ್ತದೆ.

"ಯಾಕ್ರೀ ವನಜಮ್ಮ?"

ಅವಳು ಉಳಿದುಕೊಂಡಿದ್ದ ಮನೆಯ ವನಜಮ್ಮ, ಲಕ್ವ ಹೊಡೆದು ಮಲಗಿದ್ದ ತಮ್ಮ ಅತ್ತೆಯ ಮಗ್ಗುಲು ಬದಲಿಸುತ್ತಿದ್ದರು. ಸ್ವತಃ ಅವರಿಗೂ ಬಿಪಿ, ತಿಂಗಳಿಗೊಮ್ಮೆ ತೋರಿಸಲೇಬೇಕು.

"ಹೋಗಕ್ಕೇನೂ ಅಡ್ಡಿ ಇಲ್ಲ ಕಣಮ್ಮ. ನೀವೇ ಒಂದ್ಸಲ ಹೋಗಿ ಬನ್ನಿ, ಗೊತ್ತಾಗತ್ತೆ," ಎಂದು ನಕ್ಕರು.

ಹೇಗೂ ತನಗೆ ಕೆಮ್ಮು ಇತ್ತು. ಮರುದಿನ ಸಂಘಮಿತ್ರಾ ಎಂಟೂವರೆಯ ಬಸ್ಸು ಹತ್ತಿದಳು. ಕಾಲು ಗಂಟೆಯಲ್ಲಿ ಆಸ್ಪತ್ರೆ. ಒಂಬತ್ತೂವರೆಗೆ ಡಾಕ್ಟರು ಬಂದರು, ಹತ್ತಕ್ಕೆಲ್ಲ ಮಾತ್ರೆ ಕೈಯಲ್ಲಿತ್ತು. ಇದರಲ್ಲೇನು ತೊಂದರೆ ಎಂದುಕೊಳ್ಳುತ್ತ ರಸ್ತೆಗೆ ಬಂದಳು.

"ಬಸ್ಸಾ? ನೀವು ಬಂದಿದ್ದೇ ಒಂಬತ್ತಕ್ಕೆ ವಾಪಸ್ ಹೋಯ್ತಲ್ರೀ," ಎಂದ ಚಹಾದಂಗಡಿಯ ಮಾಸ್ತಪ್ಪ. "ಇನ್ನು ಮೂರೂವರೆಗೇ."

"ಅಲ್ಲಿವರೆಗೆ?"

"ಕೂತ್ಕಳದು."

ನಡೆದೇ ಹೋಗಬಹುದಿತ್ತು. ಆದರೆ ಅಳೆಯಲು ಬಂದ ಮೇಲೆ ಪೂರ್ತಿ ಅಳೆಯೋಣ ಎಂದು ಅವಳು ಕೂತೇಬಿಟ್ಟಳು. ಪಕ್ಕದಲ್ಲಿ ಏಳು ತಿಂಗಳ ಬಸುರಿಯೊಬ್ಬಳು ಕಂಬಕ್ಕೊರಗಿ ತೂಕಡಿಸುತ್ತಿದ್ದಳು.

ನಾಲ್ಕರ ಸುಮಾರಿಗೆ ಸಂಘಮಿತ್ರಾ ಮರಳಿದಾಗ ವನಜಮ್ಮ ಬಾಗಿಲಲ್ಲೇ ಇದ್ದರು. "ಗೊತ್ತಾಯ್ತಾ? ಆನವಟ್ಟಿಗೆ ಗಂಟೆಗೊಂದು ಬಸ್ಸು. ಹನ್ನೆರಡಕ್ಕೆ ಮನೇಲಿರ್ತೀನಿ. ಅತ್ತೇನ ಇಡೀ ದಿನ ಯಾರ ಹತ್ರ ಬಿಟ್ಟು ಹೋಗ್ಲಿ?"

ಸಂಘಮಿತ್ರಾ ತನ್ನ ಮೇಲ್ವಿಚಾರಕ ಯತೀಶನಿಗೆ ಫೋನು ಮಾಡಿದಳು. "ಸರ್, ನಮ್ಮ ಫಾರ್ಮಿನಲ್ಲಿ ಹೋಗೋ ದೂರ ಇದೆ. ಬರೋದನ್ನ ನಾವು ಕೇಳೇ ಇಲ್ಲ."

"ಆ ಕಾಲಮ್ಮೇ ಇಲ್ವಲ್ರೀ."

"ಅಂಚಲ್ಲಿ ಬರೀತೀನಿ."

ಮುಂದಿನ ವಾರ ಅವಳು ಹನ್ನೊಂದು ಹಳ್ಳಿಗಳಲ್ಲಿ ಅದನ್ನೇ ಕೇಳಿದಳು. ನಾಲ್ಕರಲ್ಲಿ, ಹತ್ತಿರದ ಆಸ್ಪತ್ರೆಗೆ ಹೋದರೆ ಇಡೀ ದಿನ ಕಳೆಯುತ್ತಿತ್ತು. ಅಂಚಿನ ಬರಹವನ್ನೆಲ್ಲ ಯತೀಶ ಓದಿದ. ಸೋಮವಾರ ಬೆಳಿಗ್ಗೆ ಅವನೇ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗಾಗಿ ಕಾಯುತ್ತಿದ್ದ.

"ನನ್ನ ಬೈಕ್ ಬೇಡ, ಬಸ್ಸಲ್ಲೇ ಹೋಗೋಣ," ಎಂದ. "ಯಾವ ಊರು ಮೊದಲು?"